ಒಟಿಪಿ ಹೋಗೇತಿ, ಬಂದಿಲ್ಲ

ಹೋದ ವರ್ಷ ಸೆಪ್ಟೆಂಬರ್, ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದೂವರೆ. ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ ಅಂತ ಪಾಠ ಒಪ್ಪಿಸ್ತಾ ಇದ್ದೆ. ಅವ್ವನ ಫೋನ್ ಬಂತು. ಕಟ್ ಮಾಡಿದೆ. ಮತ್ತೆ ಬಂತು. ಅವ್ವ ಎರಡು ಸಲ ಮಾಡಿದಳು ಅಂದ್ರೆ ಏನೋ ಆಗಿದೆ ಅಂತ ಅರ್ಥ. ಎದ್ದು ಹೊರಗೆ ಬಂದೆ.

"ತಮ್ಮಾ, ಇವ್ರು ಆರು ನಂಬರ್ ಹೇಳ್ರಿ ಅನ್ನಾಕತ್ಯಾರ. ನನ್ನ ಫೋನಿಗೆ ಏನೂ ಬಂದಿಲ್ಲ."

ಜೂನ್‌ನಲ್ಲಿ ಹೆಸರು ಬಿತ್ತುವಾಗ ಅವ್ವ ಒಂದು ಜೋಡಿ ಪಾಟ್ಲಿ ಅಡವಿಟ್ಟು ಬಂಗಾರದ ಸಾಲ ತೆಗೆದಿದ್ದಳು. ಹೆಸರು ಮಾರಿ ರೊಕ್ಕ ಬಂತು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ರೋಣ ತಾಲೂಕಿನ ನಮ್ಮೂರಿನಿಂದ ಬಸ್ಸು ಹಿಡಿದು, ಆ ಫೈನಾನ್ಸ್ ಕಂಪನಿಯ ಗಜೇಂದ್ರಗಡದ ಶಾಖೆಗೆ ಹೋಗಿದ್ದಳು. ರೊಕ್ಕ ಕೈಯಲ್ಲಿದೆ. ರಸೀದಿ ಇದೆ. ಆಧಾರ್ ಇದೆ. ಪಾಟ್ಲಿಯ ಒಡತಿ ಖುದ್ದಾಗಿ ಕುರ್ಚಿಯ ಮೇಲೆ ಕೂತಿದ್ದಾಳೆ. ಇಲ್ಲದ್ದು ಒಂದೇ, ಆರು ಅಂಕಿ.

ಕೌಂಟರಿನ ಹುಡುಗನಿಗೆ ಫೋನ್ ಕೊಡು ಅಂದೆ. ಪಾಪ, ಮರ್ಯಾದೆಯಿಂದಲೇ ಮಾತಾಡಿದ.

"ಸರ್, ಒಟಿಪಿ ಹೋಗೇತ್ರಿ. ಇಲ್ಲಿ ಸ್ಕ್ರೀನ್ ಮ್ಯಾಲೆ ಡೆಲಿವರ್ಡ್ ಅಂತ ತೋರಸಾಕತ್ತೈತಿ. ತಾಯಿಯವರಿಗೆ ನೋಡಾಕ ಬರವಲ್ದು ಅನಸ್ತೈತ್ರಿ."

"ಎಸ್‌ಎಂಎಸ್‌ನಾಗ ಕಳಿಸೀರೇನು?"

"ಇಲ್ರಿ ಸರ್, ಈಗ ಎಲ್ಲಾ ವಾಟ್ಸಾಪ್‌ನಾಗ."

ಅವ್ವನ ಕೈಯಲ್ಲಿರುವುದು ಬಟನ್ ಫೋನ್. ಅದರಲ್ಲಿ ವಾಟ್ಸಾಪ್ ಇಲ್ಲ. ಆದರೆ ಅವ್ವನ ನಂಬರಿಗೆ ವಾಟ್ಸಾಪ್ ಇದೆ! ಅದು ಇರುವುದು ಹುಬ್ಬಳ್ಳಿಯಲ್ಲಿ ಓದುವ ಅಕ್ಕನ ಮಗನ ಫೋನಿನಲ್ಲಿ. ಎರಡು ವರ್ಷದ ಹಿಂದೆ ಸೂಟಿಗೆ ಊರಿಗೆ ಬಂದಾಗ, ಇನ್ನೊಂದು ಅಕೌಂಟ್ ಬೇಕಂತ ಅಜ್ಜಿಯ ನಂಬರ್ ಹಾಕಿ, ಅಜ್ಜಿಯ ಫೋನಿಗೆ ಬಂದ ಕೋಡ್ ನೋಡಿಕೊಂಡು ತೆರೆದುಕೊಂಡಿದ್ದಾನೆ. ಅಜ್ಜಿಗೆ ಅದೇನಂತ ಗೊತ್ತಿಲ್ಲ. ಗೊತ್ತಾಗಬೇಕಾದ ಕಾರಣವೂ ಇರಲಿಲ್ಲ.

ಆ ಹೊತ್ತಿನಲ್ಲಿ ಅವನು ಕ್ಲಾಸಿನಲ್ಲಿದ್ದ, ಫೋನ್ ಎತ್ತಲಿಲ್ಲ. ಶಾಖೆಯವರು ಮೂರು ಸಲ ಕಳಿಸಿದರು, ಮೂರೂ ಸಲ "ಹೋಗೇತಿ". ಅವ್ವ ರೊಕ್ಕ ವಾಪಸ್ ಸೆರಗಿಗೆ ಕಟ್ಟಿಕೊಂಡು ಸಂಜೆಯ ಬಸ್ಸಿಗೆ ಊರಿಗೆ ಹೋದಳು. ರಾತ್ರಿ ಅಕ್ಕನ ಮಗ ಹೇಳಿದ: "ಮಾಮಾ, ಅಜ್ಜೀದು ಏನೋ ಕೋಡ್ ಬಂದಿತ್ತು. ಫ್ರಾಡ್ ಇರಬೇಕಂತ ಡಿಲೀಟ್ ಮಾಡಿದೆ."

ಹುಡುಗ ಮಾಡಿದ್ದು ಸರಿ. ಕೌಂಟರಿನವನು ಹೇಳಿದ್ದೂ ಸುಳ್ಳಲ್ಲ. ಅವ್ವನ ತಪ್ಪಂತೂ ಇಲ್ಲವೇ ಇಲ್ಲ. ಹಾಗಾದರೆ ತಪ್ಪು ಯಾರದು?

ನನ್ನಂಥವರದು.

ಒಪ್ಪಿಕೊಂಡುಬಿಡ್ತೀನಿ. ಕೆಲವು ವರ್ಷದ ಹಿಂದೆ, ನಾನು ಆಗ ಇದ್ದ ಕಂಪನಿಯಲ್ಲಿ ಇದೇ ಕೆಲಸ ನನ್ನ ಪಾಲಿಗೆ ಬಂದಿತ್ತು. ಟಿಕೆಟ್‌ನಲ್ಲಿ ಇದ್ದದ್ದು ಒಂದೇ ಸಾಲು: ಒಟಿಪಿಗೆ ಮೊದಲು ವಾಟ್ಸಾಪ್, ಅದು ಫೇಲ್ ಆದರೆ ಎಸ್‌ಎಂಎಸ್. ಮೂರು ದಿನದ ಕೆಲಸ. ಆ ನಂಬರಿಗೆ ವಾಟ್ಸಾಪ್ ಇಲ್ಲ ಅಂತ ಎರರ್ ಬಂದರೆ ಮಾತ್ರ ಎಸ್‌ಎಂಎಸ್ ಹೋಗಬೇಕು ಅಂತ ಬರೆದೆ. ಅವ್ವನಂಥವರ ನಂಬರಿಗೆ ಎರರ್ ಬರುವುದಿಲ್ಲ. ಸಂದೇಶ ಯಾವುದೋ ಫೋನಿಗೆ ತಲುಪುತ್ತದೆ, ಡ್ಯಾಶ್‌ಬೋರ್ಡ್ ಹಸಿರಾಗುತ್ತದೆ, ನಾವು ಟೀಮ್ ಲಂಚ್‌ಗೆ ಹೋಗ್ತೀವಿ. "ಗ್ರಾಹಕರನ್ನು ಕೇಳಿ ಮಾಡೋಣವಾ?" ಅಂತ ಆ ಮೀಟಿಂಗಿನಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ಕೇಳ್ತೀನಿ. ಒಟಿಪಿ ಅಂದ್ರೆ ಏನು? ಅದು ಗುಡ್ ಮಾರ್ನಿಂಗ್ ಮೆಸೇಜ್ ಅಲ್ಲ, ಆಫರ್ ಅಲ್ಲ. ಅದು ಕೀಲಿಕೈ. 2009ರ ಆಗಸ್ಟ್‌ನಿಂದ ಆನ್‌ಲೈನ್ ಕಾರ್ಡ್ ವಹಿವಾಟಿಗೆ ಇನ್ನೊಂದು ಹಂತದ ದೃಢೀಕರಣ ಬೇಕೇ ಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತು. ಆಮೇಲೆ ಒಟಿಪಿ ನಮ್ಮ ದೇಶದಲ್ಲಿ ಉಪ್ಪಿನ ಹಾಗೆ ಎಲ್ಲದಕ್ಕೂ ಬೆರೆಯಿತು. ಅದರ ಹಿಂದಿನ ತರ್ಕ ಬಹಳ ಸರಳ: ಈ ಸಿಮ್ ಯಾರ ಕೈಯಲ್ಲಿದೆಯೋ ಅವರೇ ಗ್ರಾಹಕರು. ಆರು ಅಂಕಿ ವಾಪಸ್ ಹೇಳಿದರೆ ಸಿಮ್ ಅವರ ಹತ್ತಿರ ಇದೆ ಅಂತ ಸಾಬೀತಾಗುತ್ತದೆ.

ವಾಟ್ಸಾಪ್‌ಗೆ ಬಂದ ಆರು ಅಂಕಿ ಏನನ್ನು ಸಾಬೀತು ಮಾಡುತ್ತದೆ? ಎಂದೋ ಒಂದು ದಿನ ಈ ಸಿಮ್‌ಗೆ ಬಂದ ಕೋಡ್ ನೋಡಿದವರ ಫೋನ್ ಇದು ಅಂತ. ಅಷ್ಟೇ. ಆಮೇಲೆ ಸಿಮ್ ಎಲ್ಲಿ ಹೋಯಿತು, ಆ ಫೋನ್ ಯಾರ ಕೈ ಸೇರಿತು, ವಾಟ್ಸಾಪ್ ತಲೆ ಕೆಡಿಸಿಕೊಂಡಿರಲಿಲ್ಲ. ಇದು ನನ್ನ ಒಬ್ಬನ ಗೊಣಗಾಟವಲ್ಲ. 2025ರ ನವೆಂಬರ್ 28ರಂದು ಕೇಂದ್ರದ ದೂರಸಂಪರ್ಕ ಇಲಾಖೆಯೇ ಮೆಸೇಜಿಂಗ್ ಆಪ್‌ಗಳಿಗೆ ನಿರ್ದೇಶನ ಕೊಟ್ಟಿತು: ನೋಂದಣಿ ಮಾಡಿದ ಸಿಮ್ ಫೋನಿನಲ್ಲಿ ಇಲ್ಲದಿದ್ದರೆ ಆಪ್ ನಡೆಯಬಾರದು, 90 ದಿನದೊಳಗೆ ಹೀಗೆ ಮಾಡಿ ಅಂತ. ನಮ್ಮ ನಂಬರಿನ ಅಕೌಂಟ್‌ಗಳನ್ನು ದೇಶದ ಹೊರಗೆ ಕೂತು ನಡೆಸಿ ಮೋಸ ಮಾಡುವವರನ್ನು ತಡೆಯುವುದು ಅದರ ಉದ್ದೇಶ. ಅಂದ್ರೆ ಸಿಮ್ ಬೇರೆ, ವಾಟ್ಸಾಪ್ ಬೇರೆ ಅನ್ನೋದನ್ನು ಸರ್ಕಾರವೂ ಒಪ್ಪಿದ ಹಾಗಾಯಿತು. ನಾವು ಕೋಡ್ ಬರೆಯುವವರು ಮಾತ್ರ ಎರಡೂ ಒಂದೇ ಅಂತ ನಟಿಸ್ತಾ ಇದ್ದೀವಿ.

ಇನ್ನೊಂದು ತಮಾಷೆ ನೋಡಿ. ಹೊಸ ಫೋನಿನಲ್ಲಿ ವಾಟ್ಸಾಪ್ ಹಾಕಿ. ನೀವೇ ನೀವು ಅಂತ ಖಾತ್ರಿ ಮಾಡಿಕೊಳ್ಳಲು ಅದು ಆರು ಅಂಕಿ ಕಳಿಸುತ್ತದೆ. ಯಾವುದರಲ್ಲಿ? ಎಸ್‌ಎಂಎಸ್‌ನಲ್ಲಿ, ಇಲ್ಲಾಂದ್ರೆ ಫೋನ್ ಕರೆಯಲ್ಲಿ. ಊರಿನವರ ಕೀಲಿಕೈಯನ್ನೆಲ್ಲ ನಾನು ಮುಟ್ಟಿಸ್ತೀನಿ ಅಂತ ದುಡ್ಡು ಇಸಿದುಕೊಳ್ಳುವವನು ತನ್ನ ಮನೆಯ ಕೀಲಿಕೈಯನ್ನು ಮಾತ್ರ ಹಳೇ ಟಪಾಲಿನವನ ಕೈಗೇ ಕೊಡ್ತಾನೆ. ಅವನಿಗೆ ಯಾರನ್ನು ನಂಬಬೇಕು ಅಂತ ಚೆನ್ನಾಗಿ ಗೊತ್ತು.

ನರಗುಂದದಲ್ಲಿ ನನ್ನ ಸೋದರಮಾವ ಇದ್ದಾರೆ. ಮಲಪ್ರಭಾ ಕಾಲುವೆಯ ತುದಿಗೆ ಹೊಲ. ಈ ಕಥೆ ಕೇಳಿ ಅವರು ನಕ್ಕರು. "ಅಲ್ಲೋ, ಇದು ನಮಗೇನ್ ಹೊಸಾದ? ಡ್ಯಾಮಿನಾಗ ನೀರು ಬಿಟ್ಟೀವಿ ಅಂತಾರ. ಬಿಟ್ಟಿರತಾರ, ಖರೇನ. ನಮ್ಮ ಹೊಲಕ್ಕ ಬಂದಿರೂದಿಲ್ಲ. ಅವರ ಪುಸ್ತಕದಾಗ ಹೊಲ ನೀರಾವರಿ ಆಗಿರತೈತಿ."

ಬೆಂಗಳೂರಿನ ಓದುಗರಿಗೆ ನರಗುಂದ ಅಂದ್ರೆ ಬಹುಶಃ ಮಹದಾಯಿ ಹೋರಾಟದ ಸುದ್ದಿ ಮಾತ್ರ ನೆನಪಾಗಬಹುದು. ಅದಕ್ಕೂ ಹಿಂದಿನದು 1980ರ ಜುಲೈ. ನವಿಲುತೀರ್ಥದ ಅಣೆಕಟ್ಟಿನಿಂದ ನೀರಾವರಿ ಆಯಿತು ಅಂತ ಲೆಕ್ಕ ಹಾಕಿ, ಸರಿಯಾಗಿ ನೀರು ಕಾಣದ ಹೊಲಗಳಿಗೂ ಅಭಿವೃದ್ಧಿ ಕರ ಹೇರಿದ್ದರು. ನರಗುಂದ, ನವಲಗುಂದದ ರೈತರು ಬೀದಿಗಿಳಿದರು, ಗೋಲಿಬಾರ್ ಆಯಿತು, ಜೀವ ಹೋದವು. ಜುಲೈ 21ನ್ನು ಇವತ್ತಿಗೂ ರೈತ ಹುತಾತ್ಮ ದಿನ ಅಂತ ಆಚರಿಸುತ್ತಾರೆ. ಆ ಹೋರಾಟಕ್ಕೂ ಒಂದು ಆರಂಕಿಯ ಕೋಡ್‌ಗೂ ಹೋಲಿಕೆ ಮಾಡುವಷ್ಟು ತಲೆ ಕೆಟ್ಟಿಲ್ಲ ನನಗೆ. ಆದರೆ ಲೆಕ್ಕದ ತಪ್ಪು ಒಂದೇ ಜಾತಿಯದು: ಬಿಟ್ಟವನ ಪುಸ್ತಕ ನೋಡಿ, ಪಡೆಯಬೇಕಾದವನಿಗೆ ತಲುಪಿತು ಅಂತ ಬರೆದುಕೊಳ್ಳುವುದು. ನಮ್ಮ ಡ್ಯಾಶ್‌ಬೋರ್ಡ್‌ಗಳು ಹೇಳುವುದು ಅಣೆಕಟ್ಟಿನ ಲೆಕ್ಕ. ಕಾಲುವೆ ತುದಿಯ ಲೆಕ್ಕ ಯಾರೂ ಇಟ್ಟಿಲ್ಲ.

ಇನ್ನು ಎದುರು ವಾದಗಳು. ಟೀಮಿನಲ್ಲಿ ಇವನ್ನೆಲ್ಲ ನಾನೇ ಮಾಡಿದ್ದೇನೆ, ಹಾಗಾಗಿ ಬಾಯಿಪಾಠ ಇವೆ.

ಮೊದಲನೆಯದು: ಎಸ್‌ಎಂಎಸ್ ಅಷ್ಟೊಂದು ಸುರಕ್ಷಿತವೇನೂ ಅಲ್ಲ. ನಿಜ. ಸಿಮ್ ಸ್ವಾಪ್ ಮಾಡಿ ದುಡ್ಡು ಹೊಡೆದವರಿದ್ದಾರೆ. ಎಸ್‌ಎಂಎಸ್ ಗೂಢಲಿಪಿಯಲ್ಲಿ ಹೋಗುವುದಿಲ್ಲ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಇದನ್ನು ನಿರ್ಬಂಧಿತ ವಿಧಾನ ಅಂತ ಪಟ್ಟಿ ಮಾಡಿತು. ಆದರೆ ಸಿಮ್ ಕದ್ದವನು ವಾಟ್ಸಾಪ್ ಅನ್ನೂ ತೆರೆಯಲು ನೋಡ್ತಾನಲ್ಲ, ಅದರ ಬಾಗಿಲೂ ಎಸ್‌ಎಂಎಸ್ಸೇ ತಾನೆ? ಎರಡನೇ ಹಂತದ ಪಿನ್ ಇಟ್ಟುಕೊಂಡವರು ಬಚಾವಾಗಬಹುದು. ಅಜ್ಜಿಯ ನಂಬರಿಗೆ ಪಿನ್ ಇಟ್ಟವರು ಯಾರು, ಮೊಮ್ಮಗನಾ? ಹಳೇ ಅಪಾಯದ ಮೇಲೆ ಹೊಸದೊಂದನ್ನು ಪೇರಿಸಿ ಅದಕ್ಕೆ ಸುರಕ್ಷತೆ ಅಂತ ಹೆಸರಿಡಬಾರದು.

ಎರಡನೆಯದು: ಖರ್ಚು. ಹೊರದೇಶದಿಂದ ಬರುವ ಎಸ್‌ಎಂಎಸ್ ದೇಶದೊಳಗಿನದಕ್ಕಿಂತ ಎಷ್ಟೋ ಪಟ್ಟು ದುಬಾರಿ. ವಿದೇಶಿ ಕಂಪನಿಗಳು ವಾಟ್ಸಾಪ್ ಕಡೆ ಓಡುವುದು ಅರ್ಥವಾಗುತ್ತದೆ. ಗಜೇಂದ್ರಗಡದಲ್ಲಿ ಬಂಗಾರ ಅಡವಿಟ್ಟುಕೊಳ್ಳುವವರಿಗೆ ಆ ಕಷ್ಟವಿಲ್ಲ. ಅವರು ಉಳಿಸುವುದು ಪೈಸೆಗಳಲ್ಲಿ. ಆ ಪೈಸೆಗೆ ಅವ್ವ ಕೊಟ್ಟದ್ದು ಒಂದು ದಿನದ ದುಡಿಮೆ, ಎರಡು ಕಡೆಯ ಬಸ್ ಪ್ರಯಾಣ, ಮುಂದಿನ ಸಲ ಹೋಗುವ ತನಕದ ಬಡ್ಡಿ. ಖರ್ಚು ಉಳಿಯಲಿಲ್ಲ, ನಮ್ಮ ಎಕ್ಸೆಲ್ ಶೀಟಿನಿಂದ ಅವಳ ಸೆರಗಿಗೆ ದಾಟಿತು.

ಮೂರನೆಯದು: ಎಸ್‌ಎಂಎಸ್ ಕಳಿಸೋಕೆ ಬಹಳ ಕಟ್ಟುಪಾಡು. ಟ್ರಾಯ್‌ನ 2018ರ ನಿಯಮದ ಪ್ರಕಾರ ಕಂಪನಿ ನೋಂದಾಯಿಸಬೇಕು, ಹೆಡರ್ ನೋಂದಾಯಿಸಬೇಕು, ಪ್ರತಿ ಟೆಂಪ್ಲೇಟ್‌ಗೂ ಒಪ್ಪಿಗೆ ಬೇಕು. ಒಂದು ಅಲ್ಪವಿರಾಮ ಬದಲಾದರೂ ಮೆಸೇಜ್ ಬಿದ್ದುಹೋಗುತ್ತದೆ. ಆ ಪೋರ್ಟಲ್ ಎದುರು ಕೂತು ನಾನೂ ಕೂದಲು ಕಿತ್ತುಕೊಂಡಿದ್ದೇನೆ. ಆದರೆ ಅದರಿಂದಲೇ ಒಂದು ಗುರುತು ಉಳಿದಿದೆ. 2025ರ ಫೆಬ್ರುವರಿಯ ತಿದ್ದುಪಡಿಯಂತೆ ಹೆಡರ್ ಕೊನೆಗೆ ಒಂದು ಅಕ್ಷರ ಇರಬೇಕು: ಪಿ ಅಂದ್ರೆ ಪ್ರಚಾರ, ಎಸ್ ಅಂದ್ರೆ ಸೇವೆ, ಟಿ ಅಂದ್ರೆ ವಹಿವಾಟು, ಜಿ ಅಂದ್ರೆ ಸರ್ಕಾರ. ಕಿರಿಕಿರಿಯಾದರೆ 1909ಕ್ಕೆ ದೂರು ಕೊಡಬಹುದು. ಕಳಿಸಿದವರು ಯಾರು ಅನ್ನುವುದಕ್ಕೆ ಇಲ್ಲಿ ಕಾನೂನಿನ ದಾಖಲೆ ಇದೆ. ಟ್ರಾಯ್‌ನ ಈ ನಿಯಮ ವಾಟ್ಸಾಪ್‌ಗೆ ಅನ್ವಯಿಸುವುದಿಲ್ಲ. ಅಲ್ಲಿ ಟೆಂಪ್ಲೇಟ್ ಒಪ್ಪುವುದು, ಬಿಡುವುದು ಮೆಟಾ ಕಂಪನಿಯ ಕೆಲಸ.

ನಾಲ್ಕನೆಯದು, ಬಹಳ ಸಲ ಕೇಳುವಂಥದ್ದು: ಈಗ ವಾಟ್ಸಾಪ್ ಇಲ್ಲದವರು ಯಾರಿದ್ದಾರೆ? ಒಪ್ಪುತ್ತೇನೆ, ನಮ್ಮ ಕಡೆಯೂ ಎಲ್ಲೆಲ್ಲೂ ಅದೇ. ಗಜೇಂದ್ರಗಡದ ನೇಕಾರರು ಪಟ್ಟೇದಂಚು ಸೀರೆಯ ಫೋಟೊ ಕಳಿಸಿ ವ್ಯಾಪಾರ ಮಾಡ್ತಾರೆ. ರೋಣದ ಅಂಗಡಿಯವರು ಕಡ್ಲಿ ರೇಟು ಗ್ರೂಪಿನಲ್ಲೇ ಹಾಕ್ತಾರೆ. ಆದರೆ 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಟೆಲಿಕಾಂ ಕಂಪನಿಗಳಿಗೆ ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಸೀಮಿತವಾದ ರೀಚಾರ್ಜ್ ಕಡ್ಡಾಯವಾಗಿ ಇಡಿ ಅಂತ ಯಾಕೆ ಹೇಳಿತು? ಡೇಟಾ ಬೇಡದವರು ಇದ್ದಾರೆ, ಬಳಸದ ಡೇಟಾಕ್ಕೆ ಅವರು ದುಡ್ಡು ಕೊಡಬಾರದು ಅಂತ. ನಿಯಂತ್ರಕರು ಅವ್ವನನ್ನು ಹಾಗೆ ಗುರುತಿಸಿದರು. ನಾವು ಅದೇ ಅವ್ವನಿಗೆ, ನಿನ್ನ ಪಾಟ್ಲಿ ಬೇಕಂದ್ರೆ ಸ್ಮಾರ್ಟ್‌ಫೋನ್ ತಗೋ, ಡೇಟಾ ಹಾಕಿಸು ಅಂತಿದ್ದೀವಿ. ಬಾಯಿ ಬಿಟ್ಟು ಹೇಳುವುದಿಲ್ಲ, ಕೋಡ್‌ನಲ್ಲಿ ಬರೆದಿದ್ದೀವಿ.

ಇದ್ದವರಿಗಾದರೂ ನಿಶ್ಚಿಂತೆಯಾ? 2018ರಲ್ಲಿ ಜಿಯೋಫೋನಿಗೆ ವಾಟ್ಸಾಪ್ ಬಂದಾಗ ನಮ್ಮೂರ ಕಟ್ಟೆಯ ಮೇಲೆ ಎಲ್ಲರಿಗೂ ಸಂಭ್ರಮ. 2024ರ ಜೂನ್‌ನಲ್ಲಿ ಆ ಬಗೆಯ ಫೋನ್‌ಗಳಿಗೆ ಹೊಸದಾಗಿ ಡೌನ್‌ಲೋಡ್ ಮಾಡಿಕೊಳ್ಳುವುದನ್ನೇ ನಿಲ್ಲಿಸಿದರು. ಅದು ಅವರ ವ್ಯಾಪಾರ, ಅವರ ಇಷ್ಟ. 2021ರ ಅಕ್ಟೋಬರ್ 4ರ ರಾತ್ರಿ ಸುಮಾರು ಆರು ತಾಸು, 2022ರ ಅಕ್ಟೋಬರ್ 25ರಂದು ಸುಮಾರು ಎರಡು ತಾಸು ವಾಟ್ಸಾಪ್ ಬಂದ್ ಆಗಿತ್ತು. ಆಗ ನಾವೆಲ್ಲ ಜೋಕ್ ಮಾಡಿ ನಕ್ಕೆವು, ಯಾಕಂದ್ರೆ ಕೀಲಿಕೈ ಅಲ್ಲಿರಲಿಲ್ಲ. ಅಕೌಂಟ್ ನಿಷೇಧವೂ ಅಷ್ಟೇ. ವಾಟ್ಸಾಪ್ ತನ್ನ ಮಾಸಿಕ ವರದಿಗಳಲ್ಲೇ ಹೇಳಿಕೊಳ್ಳುವಂತೆ ಭಾರತದಲ್ಲಿ ತಿಂಗಳಿಗೆ ಲಕ್ಷಗಟ್ಟಲೆ ಅಕೌಂಟ್ ಮುಚ್ಚುತ್ತದೆ. ಬಹಳಷ್ಟು ಮೋಸಗಾರರದೇ ಇರಬಹುದು. ತಪ್ಪಾಗಿ ಮುಚ್ಚಿದ ಒಂದು ಅಕೌಂಟಿನ ಜೊತೆ ಒಬ್ಬರ ಸಾಲ, ಗ್ಯಾಸ್ ಸಿಲಿಂಡರ್, ಪಾರ್ಸೆಲ್ ಎಲ್ಲದರ ಕೀಲಿಕೈ ಯಾಕೆ ಹೋಗಬೇಕು?

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ರೂಢಿಯ ಪ್ರಶ್ನೆ. ವಾಟ್ಸಾಪ್‌ನಲ್ಲಿ ಬಂದ ಮದುವೆ ಕರೆಯೋಲೆಯ ಎಪಿಕೆ ಫೈಲ್ ಒತ್ತಬೇಡಿ, ಟ್ರಾಫಿಕ್ ದಂಡದ ಫೈಲ್ ಒತ್ತಬೇಡಿ, ಬ್ಯಾಂಕಿನ ಚಿಹ್ನೆ ಡಿಪಿಯಲ್ಲಿ ಇದ್ದ ಮಾತ್ರಕ್ಕೆ ಅದು ಬ್ಯಾಂಕ್ ಅಲ್ಲ ಅಂತ ಪೊಲೀಸರು ಗಂಟಲು ಹರಿದುಕೊಳ್ಳುತ್ತಿದ್ದಾರೆ. ಮೋಸ ಹೋದರೆ 1930ಕ್ಕೆ ಫೋನ್ ಮಾಡಿ ಅಂತ ಹೇಳಿಕೊಡ್ತಿದ್ದಾರೆ. ಅದೇ ಹೊತ್ತಿಗೆ ನಾವು, ನಿಮ್ಮ ದುಡ್ಡಿನ ಅಸಲಿ ಕೋಡ್ ಕೂಡ ಅದೇ ಜಾಗಕ್ಕೆ ಬರುತ್ತೆ, ಅಲ್ಲೇ ನೋಡಿ, ಅಲ್ಲೇ ಒತ್ತಿ ಅಂತ ಕಲಿಸ್ತಿದ್ದೀವಿ. ವೆರಿಫೈಡ್ ಗುರುತು ಇರುತ್ತಲ್ಲ ಅಂತೀರಾ? ಆ ಸಣ್ಣ ಟಿಕ್ಕಿಗೂ ಡಿಪಿಯಲ್ಲಿ ಅಂಟಿಸಿದ ಟಿಕ್ಕಿಗೂ ವ್ಯತ್ಯಾಸ ನಿಮಗೆ ಗೊತ್ತು. ಅರವತ್ತು ದಾಟಿದ ಕಣ್ಣಿಗೆ, ಬಿಸಿಲಿನಲ್ಲಿ, ಗೀರು ಬಿದ್ದ ಗಾಜಿನ ಮೇಲೆ?

ಹಾಗಂತ ವಾಟ್ಸಾಪ್‌ನಲ್ಲಿ ಒಟಿಪಿ ಬೇಡವೇ ಬೇಡ ಅಂತಲ್ಲ. ದುಬೈನಲ್ಲಿ ಕೂತವರಿಗೆ ಊರಿನ ಸಿಮ್‌ಗೆ ಬರುವ ಎಸ್‌ಎಂಎಸ್ ಸಿಗದೆ ಒದ್ದಾಡುವುದನ್ನು ಕಂಡಿದ್ದೇನೆ. ನಮ್ಮೂರಲ್ಲೇ ಕೆಲವು ಮನೆಗಳ ಒಳಗೆ ಸಿಗ್ನಲ್ ಇರುವುದಿಲ್ಲ, ವೈಫೈ ಇರುತ್ತದೆ. ಕನ್ನಡದ ವಿಷಯದಲ್ಲೂ ಎಸ್‌ಎಂಎಸ್‌ಗೆ ಕೊರತೆ ಇದೆ. ಇಂಗ್ಲಿಷಿನಲ್ಲಾದರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಾದರೆ 70. ಕನ್ನಡದಲ್ಲಿ ಕಳಿಸಿದರೆ ಎರಡರ ದುಡ್ಡು ಅಂತ ಕಂಪನಿಗಳು ಇಂಗ್ಲಿಷಿಗೇ ಜೋತುಬೀಳುತ್ತವೆ. ವಾಟ್ಸಾಪ್‌ನಲ್ಲಿ ಆ ಲೆಕ್ಕವಿಲ್ಲ. ಬೇಕಾದವರು ಕೇಳಿ ಪಡೆಯಲಿ. ನನ್ನ ಜಗಳ ಇರುವುದು ಡೀಫಾಲ್ಟ್ ಜೊತೆ. ಗ್ರಾಹಕ ಕೊಟ್ಟದ್ದು ಮೊಬೈಲ್ ನಂಬರ್. ಆ ನಂಬರಿಗೆ ಕಳಿಸಬೇಕಾದ್ದನ್ನು ಆ ನಂಬರಿನ ಹೆಸರಿನಲ್ಲಿ ಇನ್ಯಾರೋ ತೆರೆದ ಅಕೌಂಟಿಗೆ ತಿರುಗಿಸುವ ಹಕ್ಕು ನಮಗೆ ಯಾರು ಕೊಟ್ಟರು?

ಈ ಮಾತು ಈಗ ಯಾಕೆ ಅಂದ್ರೆ, ನಿಯಮಗಳು ಬದಲಾಗುವ ಹೊತ್ತು ಇದು. ಡಿಜಿಟಲ್ ಪಾವತಿಯ ದೃಢೀಕರಣದ ಬಗ್ಗೆ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್ 25ರಂದು ಹೊಸ ನಿರ್ದೇಶನ ಹೊರಡಿಸಿತು, 2026ರ ಏಪ್ರಿಲ್ 1ರಿಂದ ಪಾಲಿಸುವಂತೆ. ಎಸ್‌ಎಂಎಸ್ ಒಟಿಪಿಯ ಆಚೆಗೂ ದಾರಿ ಹುಡುಕಿ ಅನ್ನುವುದು ಅದರ ಆಶಯ. ಎಸ್‌ಎಂಎಸ್ ಬಿಟ್ಟುಬಿಡಿ ಅಂತ ಅದು ಹೇಳಿಲ್ಲ. ನಮ್ಮ ಆಫೀಸುಗಳಲ್ಲಿ ಮಾತ್ರ "ಎಸ್‌ಎಂಎಸ್ ಕಾಲ ಮುಗೀತು" ಅಂತ ಓದಿಕೊಳ್ಳುವವರೇ ಜಾಸ್ತಿ.

ಇದನ್ನು ಓದುವ ನಿಮ್ಮಲ್ಲಿ ಬಹಳಷ್ಟು ಜನ ಇಂಥದ್ದೇ ಕಂಪನಿಗಳಲ್ಲಿ ಕೋಡ್ ಬರೆಯುವವರು, ಟೆಸ್ಟ್ ಮಾಡುವವರು, ಪ್ರಾಡಕ್ಟ್ ಮ್ಯಾನೇಜರ್‌ಗಳು. ನಾನು ಕೇಳುವುದು ದೊಡ್ಡದೇನಲ್ಲ. ನಂಬರ್ ತಗೊಳ್ಳುವಾಗಲೇ ಕೇಳಿ: ಕೋಡ್ ಎಲ್ಲಿಗೆ ಬರಲಿ, ಎಸ್‌ಎಂಎಸ್‌ಗಾ, ವಾಟ್ಸಾಪ್‌ಗಾ, ಕರೆ ಮಾಡಿ ಹೇಳಬೇಕಾ? ಉತ್ತರ ಇಲ್ಲದಿದ್ದರೆ ಎಸ್‌ಎಂಎಸ್. ವಾಟ್ಸಾಪ್‌ಗೆ ಕಳಿಸಿ ಅರ್ಧ ನಿಮಿಷದಲ್ಲಿ ಯಾರೂ ಕೋಡ್ ಹಾಕದಿದ್ದರೆ, "ಡೆಲಿವರ್ಡ್" ಅಂತ ಬಂದಿದ್ದರೂ ಸರಿ, ಇನ್ನೊಂದು ದಾರಿ ತಾನಾಗಿ ತೆರೆಯಲಿ. ಕನ್ನಡದಲ್ಲಿ ಅಂಕಿ ಓದಿ ಹೇಳುವ ಕರೆಯೂ ಇರಲಿ, ಓದಲು ಬಾರದವರಿಗೆ ಅದೇ ಸರಿ. ಡ್ಯಾಶ್‌ಬೋರ್ಡಿನಲ್ಲಿ ಎಷ್ಟು ಹೋಯಿತು ಅನ್ನುವುದರ ಬದಲು ಎಷ್ಟು ಜನ ಕೆಲಸ ಮುಗಿಸಿದರು ಅಂತ ಎಣಿಸಿ. ಮನುಷ್ಯರೇ ಆಧಾರ್ ಹಿಡಿದು ಎದುರಿಗೆ ಕೂತಿದ್ದರೆ, ಕೌಂಟರಿನಲ್ಲಿ ಸಹಿ ಹಾಕಿಸಿಕೊಂಡು ಮುಗಿಸುವ ದಾರಿಯನ್ನು ಮುಚ್ಚಬೇಡಿ.

ಮುಂದಿನ ವಾರ ಅಕ್ಕನ ಮಗ ಅಜ್ಜಿಯ ನಂಬರಿನ ಅಕೌಂಟ್ ತೆಗೆದುಹಾಕಿದ. ಅವ್ವ ಮತ್ತೆ ಗಜೇಂದ್ರಗಡಕ್ಕೆ ಹೋದಳು. ಈ ಸಲ ವಾಟ್ಸಾಪ್ ಇಲ್ಲ ಅಂತ ಎರರ್ ಬಂದು ಎಸ್‌ಎಂಎಸ್ ಬಂತು. ಪಾಟ್ಲಿ ಕೈ ಸೇರಿದವು. ದೀಪಾವಳಿಗೆ ಊರಿಗೆ ಹೋದಾಗ, ಒಲೆ ಮುಂದೆ ಕೂತು ರೊಟ್ಟಿ ಬಡೀತಾ ಕೇಳಿದಳು:

"ತಮ್ಮಾ, ನೀನೂ ಇಂಥಾದ ಬರೀತಿ ಅಲ್ಲ? ನೀ ಬರದದ್ದರಾಗ ಹಿಂಗ ಆಗೂದಿಲ್ಲ ಹೌದಲ್ಲೋ?"

ಆಗೂದಿಲ್ಲ ಬೇ ಅನ್ನಲು ಬಾಯಿ ಬರಲಿಲ್ಲ. ನಾನು ಬರೆದ ಆ ಮೂರು ದಿನದ ಕೋಡ್ ಹಳೇ ಕಂಪನಿಯಲ್ಲಿ ಇವತ್ತಿಗೂ ಓಡ್ತಾ ಇದೆ. ಅದನ್ನು ಈಗ ನೋಡಿಕೊಳ್ಳುವ ಗೆಳೆಯನಿಗೆ ಅಲ್ಲಿಂದಲೇ ಫೋನ್ ಮಾಡಿ ಇಷ್ಟೆಲ್ಲ ಹೇಳಿದೆ. ಟಿಕೆಟ್ ಹಾಕ್ತೀನಿ ಅಂದಿದ್ದಾನೆ. ವಾರಕ್ಕೊಮ್ಮೆ ಕೇಳ್ತಾ ಇದ್ದೀನಿ. ನಿಮ್ಮ ಆಫೀಸಿನಲ್ಲೂ ಇಂಥ ಮೂರು ದಿನದ ಕೋಡ್ ಇರಬಹುದು. ನಾಳೆ ಹೋಗಿ ನೋಡಿ.